ಸುಂಕದವನ ಮುಂದೆ ಸುಖದುಃಖ

ಮನೆ ಬದಲಾಯಿಸುವಾಗ ಯಾವುದನ್ನು ಹೊತ್ತೊಯ್ಯಬೇಕು, ಯಾವುದನ್ನು ಬಿಟ್ಟುಹೋಗಬೇಕು ಎಂಬ ಜಗಳ ಎಲ್ಲರ ಮನೆಯಲ್ಲೂ ಇದ್ದದ್ದೇ. ನಮ್ಮಲ್ಲಿ ಅದು ನಡೆದದ್ದು 2022ರಲ್ಲಿ, ಇಂಗ್ಲೆಂಡಿನ ಕೊವೆಂಟ್ರಿಯ ಒಂದು ಬಾಡಿಗೆ ಮನೆಯಲ್ಲಿ. ನೌಕರಿ ಜರ್ಮನಿಯ ಸ್ಟುಟ್‌ಗಾರ್ಟಿಗೆ ಹೊರಟಿತ್ತು, ಅದರ ಬೆನ್ನಿಗೆ ನಾವೂ ಹೊರಟಿದ್ದೆವು. ಇಡ್ಲಿ ಪಾತ್ರೆ ಬರುತ್ತದೆ, ಗ್ರೈಂಡರ್ ಬರುತ್ತದೆ, ಅಜ್ಜಿ ಕೊಟ್ಟ ಹಿತ್ತಾಳೆ ದೀಪ ಬರುತ್ತದೆ. ಇವುಗಳ ಬಗ್ಗೆ ಯಾರದೂ ತಕರಾರಿಲ್ಲ. ತಕರಾರು ಎದ್ದದ್ದು ಬಾಗಿಲ ಮುಂದೆ ಮಳೆಯಲ್ಲಿ ನೆನೆಯುತ್ತ ನಿಂತಿದ್ದ ಕಾರಿನ ಬಗ್ಗೆ. ಐದು ವರ್ಷ ಹಳೆಯ, ಬೂದು ಬಣ್ಣದ ಫೋಕ್ಸ್‌ವ್ಯಾಗನ್ ಪೋಲೊ. ಮಗಳು ಹುಟ್ಟಿದ ಮೂರನೇ ದಿನ ಆಸ್ಪತ್ರೆಯಿಂದ ಮನೆಗೆ ಬಂದದ್ದು ಅದರಲ್ಲೇ. ಹಿಂದಿನ ಸೀಟಿನ ಮೇಲೆ ಹಾಲು ಚೆಲ್ಲಿದ ಕಲೆ ಎಷ್ಟು ಉಜ್ಜಿದರೂ ಹೋಗಿರಲಿಲ್ಲ.

ಮಾರಿ ಕೈತೊಳೆದುಕೊಳ್ಳಿ ಎಂದರು ಬಲ್ಲವರೆಲ್ಲ. ಇಂಗ್ಲೆಂಡಿನ ಕಾರಿಗೆ ಸ್ಟಿಯರಿಂಗ್ ನಮ್ಮ ಹಾಗೆ ಬಲಕ್ಕೆ. ಜರ್ಮನಿಯವರು ಓಡಿಸುವುದು ರಸ್ತೆಯ ಬಲಬದಿಯಲ್ಲಿ, ಅವರ ಸ್ಟಿಯರಿಂಗ್ ಎಡಕ್ಕೆ. ಅಲ್ಲಿ ಹೋಗಿ ಲಾರಿಯ ಹಿಂದೆ ಸಿಕ್ಕಿಕೊಂಡರೆ ಎದುರು ಏನು ಬರುತ್ತಿದೆ ಎಂದು ಪಕ್ಕದಲ್ಲಿ ಕೂತ ಹೆಂಡತಿ ಇಣುಕಿ ಹೇಳಬೇಕು. ಅದೂ ಸಾಲದೆಂದು ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟಾಗಿತ್ತು. 2021ರ ಜನವರಿ 1ರಿಂದ ನಡುವಿನ ಕಡಲಗಾಲುವೆ ದಾಟುವ ಪ್ರತಿ ವಸ್ತುವೂ ಸುಂಕದ ಕಟ್ಟೆಯ ಮುಂದೆ ನಿಲ್ಲಬೇಕು. ಲೆಕ್ಕ ಹಾಕಿ ನೋಡಿದರೆ ಬಲ್ಲವರ ಮಾತೇ ಸರಿ. ಇವತ್ತು ಯಾರಾದರೂ ಕೇಳಿದರೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಹೆಂಡತಿ ಒಂದು ಮಾತು ಎತ್ತಿದಳು. "ಜರ್ಮನ್ ಹೆಸರಿನ ಕಾರು. ಅದಕ್ಕೇ ಜರ್ಮನಿಯೊಳಗೆ ಬಿಡೋದಿಲ್ಲ ಅಂದ್ರೆ ಏನರ್ಥ? ಹೋಗಿ ಕೇಳೋಣ ತಡೀರಿ." ಅಲ್ಲಿಗೆ ಕಾರು ಹೊರಟಿತು.

ನಮ್ಮಲ್ಲೊಂದು ಗಾದೆಯಿದೆ: ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ. ಹೇಳಿ ಪ್ರಯೋಜನವಿಲ್ಲ, ಅವನ ಕಣ್ಣು ಗಂಟಿನ ಮೇಲೆ, ನಿನ್ನ ಮುಖದ ಮೇಲಲ್ಲ ಎಂದು ಇದರ ಅರ್ಥ. ಗಾದೆ ಮಾಡಿದವರಿಗೆ ಅನುಭವವಿತ್ತು. ನಮ್ಮ ಶಾಸನಗಳಲ್ಲಿ ದೊಡ್ಡ ಸುಂಕಕ್ಕೆ ಹೆಜ್ಜುಂಕ ಎಂದು ಹೆಸರು, ಚಿಲ್ಲರೆ ಸುಂಕಕ್ಕೆ ಕಿರುಕುಳ ಎಂದು. ಆ ಎರಡನೆಯ ಪದ ಈಗ ಯಾವ ಅರ್ಥದಲ್ಲಿ ಉಳಿದಿದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಕಾರಿನ ಪ್ರಸಂಗದಲ್ಲಿ ನನಗೆ ಆದದ್ದು ಗಾದೆಗೆ ತಿರುಗುಮುರುಗು. ಅದನ್ನೇ ಇವತ್ತು ಹೇಳಲು ಬಂದಿದ್ದೇನೆ.

ಮೊದಲು ಹಣದ ವಿಷಯ. ಒಕ್ಕೂಟದ ಹೊರಗಿನಿಂದ ಜರ್ಮನಿಗೆ ಬರುವ ಕಾರಿಗೆ ಸಾಮಾನ್ಯವಾಗಿ ಶೇಕಡಾ 10 ಆಮದು ಸುಂಕ. ಆ ಸುಂಕವನ್ನೂ ಸೇರಿಸಿಕೊಂಡ ಮೊತ್ತದ ಮೇಲೆ ಶೇಕಡಾ 19 ಮಾರಾಟ ತೆರಿಗೆ. ಕಾರಿನ ಬೆಲೆ 8,000 ಯೂರೋ ಎಂದಿಟ್ಟುಕೊಳ್ಳಿ. 800 ಸುಂಕ, 8,800ರ ಮೇಲೆ ತೆರಿಗೆ 1,672. ಒಟ್ಟು 2,472 ಯೂರೋ. ನಿಮ್ಮದೇ ಕಾರು, ನೀವೇ ಓಡಿಸಿ ಸವೆಸಿದ ಕಾರು, ಅದಕ್ಕೆ ಇನ್ನೊಂದು ಸಲ ಕಾಲುಭಾಗಕ್ಕಿಂತ ಹೆಚ್ಚು ಬೆಲೆ ಕೊಟ್ಟು ನೀವೇ ಕೊಳ್ಳುವುದು.

ಇದರಿಂದ ಪಾರಾಗಲು ಒಂದೇ ಬಾಗಿಲು. ಆ ಬಾಗಿಲಿಗೆ ಜರ್ಮನ್ ಭಾಷೆಯಲ್ಲಿ ಗಾಡಿಯಷ್ಟೇ ಉದ್ದದ ಹೆಸರು: ಊಬರ್‌ಸೀಡ್ಲುಂಗ್ಸ್‌ಗೂಟ್. ನೆಲೆ ಬದಲಿಸುವವರ ಸರಂಜಾಮು ಎಂದು ಅರ್ಥ. ಒಕ್ಕೂಟದ 2009ರ ಒಂದು ನಿಯಮಾವಳಿ ಇದನ್ನು ವಿವರಿಸುತ್ತದೆ. ನೀವು ಒಕ್ಕೂಟದ ಹೊರಗೆ ಕನಿಷ್ಠ 12 ತಿಂಗಳು ನಿಜವಾಗಿ ಬಾಳಿರಬೇಕು. ವಸ್ತುವನ್ನು ಅಲ್ಲಿ ಕನಿಷ್ಠ 6 ತಿಂಗಳು ಬಳಸಿರಬೇಕು. ಇಲ್ಲಿ ಬಂದು ಅದೇ ಕೆಲಸಕ್ಕೆ ಬಳಸಬೇಕು. ಬಂದ ಮೇಲೆ 12 ತಿಂಗಳು ಅದನ್ನು ಮಾರಬಾರದು, ಬಾಡಿಗೆಗೆ ಬಿಡಬಾರದು, ಅಡವಿಡಬಾರದು, ಕೈಗಡವಾಗಿಯೂ ಕೊಡಬಾರದು. ಪಕ್ಕದ ಮನೆಯವರು "ಒಂದು ಗಂಟೆ ಕಾರು ಕೊಡ್ತೀರಾ" ಎಂದರೆ "ಕ್ಷಮಿಸಿ, ಕಾನೂನು ಒಪ್ಪುವುದಿಲ್ಲ" ಎನ್ನಬಹುದು. ಜರ್ಮನಿಯಲ್ಲಿ ಅದನ್ನು ಅವರು ನಂಬುತ್ತಾರೆ ಕೂಡ.

ಈ ನಿಯಮವನ್ನು ಓದುತ್ತ ನನಗೆ ಬೆರಗಾಯಿತು. ಇದು ಕಾರಿನ ಎಂಜಿನ್ನನ್ನು ಕೇಳುತ್ತಿಲ್ಲ, ಬೆಲೆಯನ್ನು ಕೇಳುತ್ತಿಲ್ಲ. ಈ ವಸ್ತು ನಿನ್ನ ಜೊತೆ ಬಾಳಿದೆಯೇ ಎಂದು ಕೇಳುತ್ತಿದೆ. ಆರು ತಿಂಗಳು ಜೊತೆಗಿದ್ದರೆ ಅದು ಸರಕಲ್ಲ, ಮನೆಯದು. ಇಡ್ಲಿ ಪಾತ್ರೆಯ ಸಾಲಿನಲ್ಲಿ ಕಾರು. ಹಾಲಿನ ಕಲೆ ಹೋಗದೆ ಇದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು.

ಇನ್ನು ಹೊರಡುವ ಸಿದ್ಧತೆ. ಬ್ರಿಟನ್ನಿನಲ್ಲಿ ಕಾರಿನ ನೋಂದಣಿ ಪತ್ರಕ್ಕೆ ವಿ5ಸಿ ಎನ್ನುತ್ತಾರೆ, ಆಡುಮಾತಿನಲ್ಲಿ ಲಾಗ್‌ಬುಕ್. ಅದರೊಳಗೆ ದೇಶಬಿಟ್ಟು ಕಾಯಂ ಹೋಗುವವರಿಗೆಂದೇ ಒಂದು ತುಂಡು ಕಾಗದವಿದೆ. ಅದನ್ನು ಹರಿದು ತುಂಬಿ ವೇಲ್ಸಿನ ಸ್ವಾನ್‌ಸೀ ಊರಿನ ಕೇಂದ್ರ ಕಚೇರಿಗೆ ಅಂಚೆಯಲ್ಲಿ ಕಳಿಸಿದರೆ ಆಯಿತು. ಉಳಿದ ತಿಂಗಳುಗಳ ವಾಹನ ತೆರಿಗೆಯನ್ನು ಅವರಾಗಿಯೇ ಹಿಂದಿರುಗಿಸುತ್ತಾರೆ. ಯಾರ ಮುಂದೆಯೂ ನಿಲ್ಲಬೇಕಿಲ್ಲ. ನಮ್ಮ ಆರ್‌ಟಿಓ ಅಂಗಳ ಕಂಡವರಿಗೆ ಇದು ಕನಸಿನಂತೆ ಕೇಳೀತು.

ಒಂದು ಮುಳ್ಳು ಮಾತ್ರ ಒಳಗೇ ಅಡಗಿರುತ್ತದೆ. ಇದು ಮಾಲೀಕತ್ವಕ್ಕೆ ಸಾಕ್ಷಿಯಲ್ಲ ಎಂದು ಆ ವಿ5ಸಿಯ ಮೇಲೆಯೇ ಅಚ್ಚಾಗಿದೆ. ಬ್ರಿಟಿಷರಿಗೆ ಬೇಕಾದದ್ದು ಕಾರನ್ನು ಇಟ್ಟುಕೊಂಡಿರುವವನ ವಿಳಾಸ. ದಂಡದ ಚೀಟಿ ಯಾರಿಗೆ ಕಳಿಸಬೇಕೆಂದು ಗೊತ್ತಾದರೆ ಸಾಕು. ಜರ್ಮನರಿಗೆ ಹಾಗಲ್ಲ. ಅವರ ನೋಂದಣಿ ಪತ್ರ ಎರಡು ಭಾಗ. ಮೊದಲನೆಯದು ಕಾರು ಓಡಿಸುವಾಗ ಜೊತೆಗಿರಬೇಕಾದದ್ದು. ಎರಡನೆಯದು, ಹಳಬರು ಬ್ರೀಫ್ ಎಂದು ಕರೆಯುವುದು, ಮನೆಯ ಪತ್ರದ ಹಾಗೆ ಬೀರುವಿನಲ್ಲಿ ಇಡಬೇಕಾದದ್ದು. ಕಾರನ್ನು ಸಾಲದಲ್ಲಿ ಕೊಂಡರೆ ಸಾಲ ತೀರುವವರೆಗೂ ಅದು ಬ್ಯಾಂಕಿನ ಬಳಿಯೇ ಇರುವುದು ರೂಢಿ. ಹೀಗಾಗಿ, ಐದು ವರ್ಷದ ಹಿಂದೆ ಕಾರು ಕೊಂಡ ರಸೀದಿ ಎಲ್ಲಿ ಎಂಬ ಪ್ರಶ್ನೆ ಅಲ್ಲಿ ಎದುರಾಗುತ್ತದೆ. ನಮ್ಮದು ಮದುವೆಯ ಆಲ್ಬಮ್ಮಿನೊಳಗೆ ಸಿಕ್ಕಿತು. ಹೇಗೆ ಅಲ್ಲಿ ಸೇರಿತೆಂದು ಕೇಳಬೇಡಿ.

ಹಾರ್ವಿಚ್ ಬಂದರಿನಿಂದ ರಾತ್ರಿ ಹಡಗು ಹತ್ತಿ ಬೆಳಿಗ್ಗೆ ಹಾಲೆಂಡಿನ ದಡದಲ್ಲಿ ಇಳಿದೆವು. ಅಲ್ಲಿಂದ ಸ್ಟುಟ್‌ಗಾರ್ಟಿಗೆ ಒಂದು ಹಗಲು. ಬಲಬದಿಯಲ್ಲಿ ಓಡಿಸುವುದು ನೇರ ರಸ್ತೆಯಲ್ಲಿ ಕಷ್ಟವಲ್ಲ. ಮೊದಲ ವೃತ್ತ ಬಂದಾಗ ಮೈಯೆಲ್ಲ ಬೆವರು. ಪಾರ್ಕಿಂಗ್ ಚೀಟಿಯ ಯಂತ್ರ ಪ್ರತಿ ಸಲವೂ ಹೆಂಡತಿಯ ಕಿಟಕಿಯ ಕಡೆಗೇ ಇರುತ್ತಿತ್ತು. ಅಲ್ಲಿದ್ದ ಎರಡು ವರ್ಷ ಅದು ಅವಳ ಖಾತೆಯಾಗಿಯೇ ಉಳಿಯಿತು.

ಬೆಂಗಳೂರಿನವರಿಗೆ ಸ್ಟುಟ್‌ಗಾರ್ಟ್ ತೀರ ಅಪರಿಚಿತ ಹೆಸರಲ್ಲ. ಆಡುಗೋಡಿಯ ಮೈಕೋ ಕಾರ್ಖಾನೆ 1950ರ ದಶಕದಲ್ಲಿ ಎದ್ದದ್ದು ಆ ಊರಿನ ಬಾಷ್ ಕಂಪನಿಯ ನಂಟಿನಿಂದಲೇ. ಕಾರೆಂಬ ವಸ್ತುವಿನ ತವರುಗಳಲ್ಲಿ ಅದೊಂದು. ಅಂಥ ಊರಿನಲ್ಲಿ ಕಾರಿಗೆ ಪ್ರವೇಶ ಸಿಗಬೇಕಾದರೆ ಮೊದಲು ಮನುಷ್ಯನಿಗೆ ಸಿಗಬೇಕು. ಜರ್ಮನಿಯಲ್ಲಿ ಯಾವ ಮನೆಗೆ ಹೋದರೂ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ, ಮನೆಮಾಲೀಕರ ಸಹಿಯ ಪತ್ರ ಕೊಟ್ಟು, ನಾನು ಇಂಥ ವಿಳಾಸದಲ್ಲಿದ್ದೇನೆ ಎಂದು ದಾಖಲಿಸಬೇಕು. ದೇಶ ಬಿಡುವಾಗ ಹೋಗುತ್ತಿದ್ದೇನೆ ಎಂದೂ ಬರೆಸಬೇಕು. ಇದು ಅಲ್ಲಿನವರಿಗೆ ಉಸಿರಾಟದಷ್ಟು ಸಹಜ.

ಸುಂಕದ ಕಚೇರಿಯಲ್ಲಿ ತೊಡಕು ಹುಟ್ಟಿದ್ದು ಇಲ್ಲಿಯೇ. ಮೇಜಿನ ಆಚೆ ಕೂತಿದ್ದವರು ಐವತ್ತು ದಾಟಿದ ಅಧಿಕಾರಿ. 0350 ಎಂಬ ಸಂಖ್ಯೆಯ ಅರ್ಜಿಯನ್ನು ಸಾವಧಾನವಾಗಿ ಓದಿ, "ಇಂಗ್ಲೆಂಡಿನಲ್ಲಿ ಹೆಸರು ತೆಗೆಸಿದ ಪತ್ರ ಕೊಡಿ" ಎಂದರು. ಇಂಗ್ಲೆಂಡಿನಲ್ಲಿ ಅಂಥ ಪತ್ರವೇ ಇಲ್ಲ ಎಂದೆ. ಅವರು ನಂಬಲಿಲ್ಲ. ಅಲ್ಲಿ ಜನ ಎಲ್ಲಿ ವಾಸಿಸುತ್ತಾರೆಂದು ಯಾವ ಕಚೇರಿಯೂ ಈ ರೀತಿ ಪಟ್ಟಿ ಇಟ್ಟುಕೊಂಡಿಲ್ಲ, ಬರುವಾಗ ಬರೆಸುವುದೂ ಇಲ್ಲ, ಹೋಗುವಾಗ ಅಳಿಸುವುದೂ ಇಲ್ಲ ಎಂದೆ. ಕನ್ನಡಕ ತೆಗೆದು ಕೇಳಿದರು: "ಹಾಗಾದರೆ ನೀವು ಅಲ್ಲಿದ್ದಿರಿ ಎಂದು ನನಗೆ ಹೇಗೆ ಗೊತ್ತಾಗಬೇಕು?"

ನ್ಯಾಯವಾದ ಪ್ರಶ್ನೆ. ನಾನು ಚೀಲ ಬಿಚ್ಚಿದೆ. ಐದು ವರ್ಷದ ಬಾಡಿಗೆ ಕರಾರು. ಪುರಸಭೆಯ ತೆರಿಗೆಯ ಬಿಲ್ಲುಗಳು. ಸಂಬಳದ ಚೀಟಿಗಳು. ಮಗಳ ಜನನ ಪತ್ರ. ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಎಂಓಟಿ ಎಂಬ ವಾರ್ಷಿಕ ತಪಾಸಣೆಯ ಚೀಟಿಗಳು. ಬ್ರಿಟನ್ನಿನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಈ ತಪಾಸಣೆ ಆಗಬೇಕು, ಪ್ರತಿ ಸಲವೂ ಎಷ್ಟು ಮೈಲಿ ಓಡಿದೆ ಎಂದು ಬರೆದುಕೊಡುತ್ತಾರೆ. ಅಧಿಕಾರಿ ಆ ಅಂಕಿಗಳನ್ನು ಬೆರಳಿಟ್ಟು ಓದಿದರು. "2020ರಿಂದ 21ಕ್ಕೆ ಓಡಿದ್ದು ಕಡಿಮೆಯಾಯಿತಲ್ಲ?" ಕೋವಿಡ್ ಸ್ವಾಮಿ, ಮನೆಯಿಂದ ಕೆಲಸ ಎಂದೆ. "ಹೌದಲ್ಲ," ಎಂದರು. ಆಮೇಲೆ ಮಾತು ಬೇರೆ ದಿಕ್ಕಿಗೆ ಹೊರಳಿತು. ಯಾಕೆ ಬಂದಿರಿ, ಕೆಲಸ ಎಲ್ಲಿ, ಮಗುವಿಗೆ ಶಾಲೆ ಸಿಕ್ಕಿತೇ, ಇಲ್ಲಿ ಎಷ್ಟು ಕಾಲ ಇರಬೇಕೆಂದಿದ್ದೀರಿ. ಉತ್ತರ ಹೇಳುತ್ತ ಹೇಳುತ್ತ ನನಗೆ ಗಾದೆ ನೆನಪಾಗಿ ನಗು ಬಂತು. ಇಲ್ಲಿ ಸುಂಕದವನೇ ಕೂರಿಸಿಕೊಂಡು ಸುಖದುಃಖ ಕೇಳುತ್ತಿದ್ದಾನೆ. ಹೇಳದೆ ಇದ್ದರೆ 2,472 ಯೂರೋ, ಹೇಳಿದರೆ ಮಾಫಿ. ಮುಕ್ಕಾಲು ಗಂಟೆಯ ಮೇಲೆ ಮೊಹರು ಬಿತ್ತು. 12 ತಿಂಗಳು ಮಾರುವಂತಿಲ್ಲ ಎಂದು ಬೆರಳೆತ್ತಿ ಎಚ್ಚರಿಸಿ ಕಳಿಸಿದರು.

ಮನುಷ್ಯನ ಕಥೆ ಒಪ್ಪಿಗೆಯಾಯಿತು. ಇನ್ನು ಕಾರಿನ ದೇಹ.

ತ್ಯೂಫ್ ಎಂಬ ಹೆಸರನ್ನು ನಿಮ್ಮಲ್ಲಿ ಕೆಲವರು ಯಂತ್ರಗಳ ಮೇಲೆ ನೋಡಿರುತ್ತೀರಿ. ಜರ್ಮನಿಯಲ್ಲಿ ವಾಹನ ತಪಾಸಣೆಗೆ ಇನ್ನೊಂದು ಹೆಸರೇ ಅದು, ಈಗ ಬೇರೆ ಸಂಸ್ಥೆಗಳೂ ಆ ಕೆಲಸ ಮಾಡುತ್ತಿದ್ದರೂ. ಇದರ ಮೂಲ ಸ್ವಾರಸ್ಯವಾಗಿದೆ. 1865ರಲ್ಲಿ ಮಾನ್‌ಹೈಮ್ ಊರಿನ ಒಂದು ಬಿಯರ್ ಕಾರ್ಖಾನೆಯ ಆವಿ ಬಾಯ್ಲರ್ ಸಿಡಿಯಿತು. ಬಾಯ್ಲರುಗಳನ್ನು ಹೊತ್ತುಹೊತ್ತಿಗೆ ಪರೀಕ್ಷಿಸುವವರು ಬೇಕು ಎಂದು ಮರುವರ್ಷ ಅಲ್ಲಿನ ಕಾರ್ಖಾನೆಗಳವರು ಕೂಡಿ ಒಂದು ಸಂಘ ಕಟ್ಟಿದರು. ಆ ಬಗೆಯ ಸಂಘಗಳೇ ಬೆಳೆದು ಮುಂದೆ ಮೋಟಾರು ಗಾಡಿಗಳ ಪರೀಕ್ಷೆಗೂ ಇಳಿದವು. ಬಿಯರಿನ ಬಾಯ್ಲರ್ ಸಿಡಿಯದೆ ಇದ್ದಿದ್ದರೆ ನನ್ನ ಪೋಲೊದ ಅಡಿಯಲ್ಲಿ ಟಾರ್ಚ್ ಹಿಡಿದು ತೂರುವವರು ಯಾರಿರುತ್ತಿದ್ದರೋ.

ನನ್ನ ಬಳಿ ಒಂದು ಬಲವಿತ್ತು. ಕಾರು ತಯಾರಿಸಿದವರಿಂದ ತರಿಸಿಕೊಳ್ಳುವ ಒಪ್ಪಿಗೆಯ ಪತ್ರ, ಸಿಓಸಿ ಎನ್ನುತ್ತಾರೆ. ಯುರೋಪಿಗೆಂದು ತಯಾರಾದ ಕಾರು ಯಾವ ಮಾದರಿ, ಎಷ್ಟು ಹೊಗೆ ಬಿಡುತ್ತದೆ, ಎಷ್ಟು ಸದ್ದು ಮಾಡುತ್ತದೆ ಎಲ್ಲವೂ ಅದರಲ್ಲಿರುತ್ತದೆ. ಅದಿಲ್ಲದವರು ಪ್ರತಿಯೊಂದನ್ನೂ ಬಿಡಿಬಿಡಿಯಾಗಿ ಸಾಧಿಸಿ ತೋರಿಸಬೇಕು. ಅಮೆರಿಕದಿಂದ ಕಾರು ತಂದವರ ಪಾಡು ನೋಡಿದ್ದೇನೆ, ಬೇಡ. ತಪಾಸಣೆಯವನು ಮೊದಲು ಚಾಸಿ ಸಂಖ್ಯೆಯನ್ನು ಕಾಗದದ ಜೊತೆ ಹೋಲಿಸಿದ. ಹದಿನೇಳು ಅಕ್ಷರ ಅಂಕಿಗಳ ಸಾಲು ಅದು. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲ ಬೇಡವೆಂದು. ಸಂಖ್ಯೆ ಸರಿಹೋಯಿತು. ಬ್ರೇಕು ಸರಿ. ಸ್ಪೀಡೋಮೀಟರಿನಲ್ಲಿ ಮೈಲಿಯ ಒಳಸುತ್ತಿಗೆ ಕಿಲೋಮೀಟರೂ ಇತ್ತು, ಅದೂ ಸರಿ. ಆಮೇಲೆ ಅವನು ಗೋಡೆಯ ಮುಂದೆ ಕಾರು ನಿಲ್ಲಿಸಿ ದೀಪ ಹಾಕಿದ, ತಲೆಯಾಡಿಸಿದ.

ದೀಪದ ಈ ಸಂಗತಿ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ, ಸ್ವಲ್ಪ ನಿಂತು ಹೇಳುತ್ತೇನೆ. ಕಾರಿನ ಮುಂದಿನ ದೀಪವನ್ನು ಡಿಮ್ ಮಾಡಿದಾಗ ಬೆಳಕು ಎರಡೂ ಕಡೆ ಸಮನಾಗಿ ಬೀಳುವುದಿಲ್ಲ. ಎದುರಿನಿಂದ ಬರುವವರ ಕಡೆಗೆ ಅದು ತಗ್ಗಿ ನಡೆಯುತ್ತದೆ. ರಸ್ತೆಯಂಚಿನ ಕಡೆಗೆ ತುಸು ಮೇಲೇರಿ, ಮರ, ಫಲಕ, ನಡೆದುಹೋಗುವವರನ್ನು ತೋರಿಸುತ್ತದೆ. ಎದುರು ಬಂದ ಹಿರಿಯರಿಗೆ ತಲೆ ತಗ್ಗಿಸಿ, ಪಕ್ಕದ ಬೇಲಿಯ ಕಡೆ ಕಣ್ಣು ಹಾಯಿಸಿ ನಡೆಯುವವರ ಹಾಗೆ. ಎಡಬದಿಯಲ್ಲಿ ಓಡುವ ನಾಡಿನ ಕಾರಿಗೆ ಬೆಳಕು ಏರುವುದು ಎಡಕ್ಕೆ. ಅದೇ ಕಾರನ್ನು ಬಲಬದಿಯ ನಾಡಿಗೆ ಒಯ್ದರೆ ಆ ಏರಿದ ಬೆಳಕು ನೇರ ಎದುರಿನವರ ಕಣ್ಣಿಗೆ. ನನ್ನ ಪೋಲೊಗೆ ಜರ್ಮನಿಯಲ್ಲಿ ಮೆಳ್ಳೆಗಣ್ಣು ಬಂದಿತ್ತು. ನಾಲ್ಕು ದಿನದ ಪ್ರವಾಸಿಗರು ಗಾಜಿಗೆ ಪಟ್ಟಿ ಅಂಟಿಸಿಕೊಂಡು ಓಡಾಡುತ್ತಾರೆ. ನೆಲೆಸುವವರಿಗೆ ಪಟ್ಟಿ ನಡೆಯುವುದಿಲ್ಲ. ಎರಡೂ ದೀಪ ಹೊಸದು ಕೊಳ್ಳಬೇಕು.

ಹಿಂದೆಯೂ ಅದೇ ರಗಳೆ. ಮಂಜಿನಲ್ಲಿ ಹಿಂದಿನವರಿಗೆ ಕಾಣಲೆಂದು ಹಾಕುವ ಕಡುಗೆಂಪು ದೀಪ ಒಂದೇ ಇದ್ದರೆ ಅದು ರಸ್ತೆಯ ನಡುವಿನ ಕಡೆಗಿರಬೇಕು. ಇಂಗ್ಲೆಂಡಿನಲ್ಲಿ ಅದು ಬಲಕ್ಕೆ, ಜರ್ಮನಿಯಲ್ಲಿ ಎಡಕ್ಕೆ. ಗುಜರಿಯಿಂದ ಹಿಂದಿನ ದೀಪ ತಂದು, ವೈರು ಅದಲುಬದಲು ಮಾಡಿಸಿದೆ. ಒಟ್ಟು ಖರ್ಚಿನಲ್ಲಿ ಹೆಂಡತಿಗೆ ಹೇಳಿದ್ದು ಅರ್ಧ. ಎರಡನೇ ಸಲ ಹೋದಾಗ ಪಾಸಾಯಿತು. ಸ್ಟಿಯರಿಂಗ್ ಬಲಕ್ಕಿರುವುದರ ಬಗ್ಗೆ ಮಾತ್ರ ಅವನು ಚಕಾರ ಎತ್ತಲಿಲ್ಲ. ಕಣ್ಣು ಸರಿಯಿರಬೇಕು, ಕೈ ಎಲ್ಲಿದ್ದರೂ ಜರ್ಮನಿಗೆ ಅಡ್ಡಿಯಿಲ್ಲ.

ಎಲ್ಲ ದೇಶಗಳೂ ಇಷ್ಟು ಉದಾರವಾಗಿರಲಿಲ್ಲ. ಬಲಗಡೆ ಸ್ಟಿಯರಿಂಗ್ ಇರುವ ಕಾರನ್ನು ನೋಂದಾಯಿಸುವುದೇ ಇಲ್ಲ, ಬೇಕಾದರೆ ಸ್ಟಿಯರಿಂಗನ್ನು ಎಡಕ್ಕೆ ಸಾಗಿಸಿ ತನ್ನಿ ಎಂದು ಪೋಲೆಂಡ್ ಮತ್ತು ಲಿಥುವೇನಿಯಾ ಹಟ ಹಿಡಿದಿದ್ದವು. ಬ್ರಿಟನ್, ಐರ್ಲೆಂಡಿನಲ್ಲಿ ದುಡಿದು ಕಾರಿನ ಸಮೇತ ಊರಿಗೆ ಮರಳಿದ ಅಲ್ಲಿನ ಮಕ್ಕಳೇ ಇದರಿಂದ ಕಷ್ಟಕ್ಕೆ ಸಿಕ್ಕಿದರು. ವ್ಯಾಜ್ಯ ಒಕ್ಕೂಟದ ನ್ಯಾಯಾಲಯಕ್ಕೆ ಹೋಗಿ, 2014ರ ಮಾರ್ಚ್ 20ರಂದು ಆ ಹಟ ಕಾನೂನಿಗೆ ವಿರುದ್ಧ ಎಂದು ತೀರ್ಪಾಯಿತು. ಇನ್ನೊಂದು ತುದಿಯ ಕಥೆ ಪೆಸಿಫಿಕ್ ಸಾಗರದ ಸಮೋವಾ ದ್ವೀಪದ್ದು. ಜರ್ಮನರು ಆಳಿದ ಕಾಲದಿಂದ ಅಲ್ಲಿ ಬಲಬದಿಯ ಓಡಾಟ. ಆದರೆ ಅಲ್ಲಿನ ಜನರ ಬಂಧುಬಳಗವೆಲ್ಲ ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಲ್ಲಿ. ಅಲ್ಲಿರುವುದು ಎಡಬದಿಯ ಕಾರುಗಳು. ನೆಂಟರು ಕಳಿಸುವ ಅಗ್ಗದ ಕಾರು ಊರಿನ ರಸ್ತೆಗೆ ಹೊಂದುವುದಿಲ್ಲ. ಸರ್ಕಾರ ಏನು ಮಾಡಿತು ಗೊತ್ತೆ? ಕಾರು ಬದಲಾಗದಿದ್ದರೆ ಬೇಡ, ರಸ್ತೆಯೇ ಬದಲಾಗಲಿ ಎಂದು 2009ರ ಸೆಪ್ಟೆಂಬರ್ 7ರ ಬೆಳಿಗ್ಗೆ ಇಡೀ ದೇಶವನ್ನು ಎಡಕ್ಕೆ ತಿರುಗಿಸಿತು. ಹಳೆಯ ಕಾರಿನ ಆಮದಿಗಾಗಿ ದೇಶವೇ ಮಗ್ಗುಲು ಬದಲಿಸಿದ್ದು ಇನ್ನೆಲ್ಲೂ ಕೇಳಿಲ್ಲ ನಾನು.

ಸರಿ, ಸ್ಟುಟ್‌ಗಾರ್ಟಿಗೆ ಮರಳೋಣ. ಕೊನೆಯ ಮೆಟ್ಟಿಲು ನೋಂದಣಿ ಕಚೇರಿ. ವಿಮೆ ಮೊದಲು ಬೇಕು. ವಿಮೆಯವರು ಏಳು ಅಕ್ಷರ ಅಂಕಿಗಳ ಒಂದು ಗುಪ್ತಸಂಖ್ಯೆ ಕೊಡುತ್ತಾರೆ, ಅದನ್ನು ಹೇಳಿದರೆ ಕಚೇರಿಗೆ ಸಾಕು. ಬ್ರಿಟನ್ನಿನಲ್ಲಿ ಅಪಘಾತವಿಲ್ಲದೆ ಕಳೆದ ವರ್ಷಗಳಿಗೆ ಅಲ್ಲಿನ ವಿಮೆಯವರಿಂದ ಪತ್ರ ತಂದಿದ್ದರೆ ಕಂತು ಇಳಿಯುತ್ತದೆ. ತಾರದವರನ್ನು ನಿನ್ನೆ ಮೊನ್ನೆ ಕಲಿತ ಹುಡುಗರ ಸಾಲಿಗೆ ಸೇರಿಸುತ್ತಾರೆ. ವಾಹನ ತೆರಿಗೆ ನಿಮ್ಮ ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗಲು ಸಹಿ ಹಾಕದೆ ನೋಂದಣಿ ಇಲ್ಲ. ತೆರಿಗೆ ಎಷ್ಟು? ಪೆಟ್ರೋಲ್ ಕಾರಿಗೆ ಪ್ರತಿ 100 ಸಿಸಿಗೆ ವರ್ಷಕ್ಕೆ 2 ಯೂರೋ, ಡೀಸೆಲ್ ಆದರೆ 9 ಯೂರೋ 50 ಸೆಂಟ್. ಅದರ ಮೇಲೆ ಹೊಗೆಯ ಲೆಕ್ಕ, ಕಿಲೋಮೀಟರಿಗೆ 95 ಗ್ರಾಂ ಇಂಗಾಲದ ಡೈಆಕ್ಸೈಡ್ ದಾಟಿದಷ್ಟಕ್ಕೆ. ನನ್ನಂಥ ಒಂದು ಲೀಟರಿನ ಕಾರಿಗೆ ಅದೊಂದು ಹಗುರ ಮೊತ್ತ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಕಟ್ಟಿದ ನೆನಪಿರುವವರು ಇದನ್ನು ಕೇಳಿ ನಿಟ್ಟುಸಿರು ಬಿಡಬಹುದು.

ನಂಬರ್ ಪ್ಲೇಟಿನ ವಿಷಯದಲ್ಲಿ ನನಗೆ ಮಗುವಿನ ಸಂಭ್ರಮ. ಬ್ರಿಟನ್ನಿನಲ್ಲಿ ಪ್ಲೇಟು ಕಾರಿನ ವಯಸ್ಸನ್ನು ಹೇಳಿಬಿಡುತ್ತದೆ. ನಮ್ಮದರ ನಡುವೆ 67 ಎಂದಿತ್ತು, ಅಂದರೆ 2017ರ ಸೆಪ್ಟೆಂಬರಿನಿಂದ ಮುಂದಿನ ಫೆಬ್ರವರಿಯೊಳಗೆ ರಸ್ತೆಗಿಳಿದದ್ದು. ಜರ್ಮನಿಯ ಪ್ಲೇಟು ವಯಸ್ಸು ಹೇಳುವುದಿಲ್ಲ, ಊರು ಹೇಳುತ್ತದೆ: ಬರ್ಲಿನ್ನಿಗೆ ಬಿ, ಮ್ಯೂನಿಕ್‌ಗೆ ಎಂ, ಸ್ಟುಟ್‌ಗಾರ್ಟಿಗೆ ಎಸ್. ಮುಂದಿನ ಅಕ್ಷರಗಳನ್ನು ಸ್ವಲ್ಪ ಹಣ ಕೊಟ್ಟು ನೀವೇ ಆರಿಸಿಕೊಳ್ಳಬಹುದು. ಮಗಳ ಹೆಸರಿನ ಅಕ್ಷರ, ಹುಟ್ಟಿದ ತಾರೀಖು. ಕೆಲವು ಜೋಡಿಗಳನ್ನು ಮಾತ್ರ ದುಡ್ಡು ಕೊಟ್ಟರೂ ಕೊಡುವುದಿಲ್ಲ: ಎಸ್‌ಎಸ್, ಎಸ್‌ಎ, ಎನ್‌ಎಸ್, ಕೆಝಡ್, ಎಚ್‌ಜೆ. ಹಿಟ್ಲರನ ಕಾಲದ ಪಡೆಗಳ, ಬಂದೀಖಾನೆಗಳ ಗುರುತು ಅವು. ಒಂದು ದೇಶ ತನ್ನ ಪಾಪವನ್ನು ಸಾರಿಗೆ ಕಚೇರಿಯ ಕಂಪ್ಯೂಟರಿನಲ್ಲೂ ನೆನಪಿಟ್ಟುಕೊಂಡಿರುವುದು ನೋಡಿ ನಾನು ಒಂದು ಕ್ಷಣ ಸುಮ್ಮನೆ ನಿಂತೆ. ಅಕ್ಷರದ ರೂಪವೂ ವಿಚಿತ್ರ, ಸೊಟ್ಟಸೊಟ್ಟಗೆ. ಕಪ್ಪು ಬಣ್ಣ ಬಳಿದು ಪಿ ಅಕ್ಷರವನ್ನು ಆರ್ ಮಾಡಲು, ಮೂರನ್ನು ಎಂಟು ಮಾಡಲು ಆಗಬಾರದೆಂದೇ ಹಾಗೆ ಬರೆದದ್ದು.

ಪ್ಲೇಟನ್ನು ಕಚೇರಿ ಕೊಡುವುದಿಲ್ಲ. ಕಚೇರಿಯ ಹೊರಗೆ, ನಮ್ಮ ತಾಲ್ಲೂಕು ಕಚೇರಿಯ ಮುಂದೆ ಜೆರಾಕ್ಸ್ ಅಂಗಡಿಗಳಿರುವಂತೆ, ಸಾಲಾಗಿ ಪ್ಲೇಟಿನ ಅಂಗಡಿಗಳು. ಓಡಿಹೋಗಿ ತಗಡಿಗೆ ಅಕ್ಷರ ಒತ್ತಿಸಿಕೊಂಡು, ಬಿಸಿಬಿಸಿ ಪ್ಲೇಟು ಹಿಡಿದು ವಾಪಸು ಬಂದರೆ ಕಚೇರಿಯವರು ಮೊಹರಿನ ಚೀಟಿ ಅಂಟಿಸುತ್ತಾರೆ. ಗಾಜಿಗೆ ಹಸಿರು ಬಣ್ಣದ ಹೊಗೆ ಚೀಟಿ ಬೇರೆ. ಅದಿಲ್ಲದೆ ಸ್ಟುಟ್‌ಗಾರ್ಟಿನ ಒಳಗೆ ಕಾರು ನುಗ್ಗುವಂತಿಲ್ಲ. ಅಂತೂ ಪೋಲೊ ಜರ್ಮನ್ ಆಯಿತು.

ಇಷ್ಟು ಕೇಳಿದ ಮೇಲೆ, ಹಾಗಾದರೆ ಅದನ್ನು ಮೈಸೂರಿಗೂ ತರಬಹುದಿತ್ತಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಸ್ಟಿಯರಿಂಗ್ ಬಲಕ್ಕೇ ಇತ್ತಲ್ಲ! ಊರಿಗೆ ಮರಳುವ ವಿಚಾರ ಬಂದಾಗ ನಾನೂ ಕಾನೂನು ತೆರೆದು ನೋಡಿದೆ. ನಮ್ಮ 1962ರ ಸುಂಕ ಕಾಯಿದೆಯ ಎರಡನೇ ಕಲಮಿನಲ್ಲಿಯೇ ಉತ್ತರವಿದೆ. ಲಗೇಜು ಎಂದರೆ ಏನೆಂದು ವಿವರಿಸುತ್ತ, ಮೋಟಾರು ವಾಹನ ಅದರಲ್ಲಿ ಸೇರುವುದಿಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತದೆ. ಯುರೋಪಿನ ಕಾನೂನಿಗೆ ಆರು ತಿಂಗಳು ಜೊತೆಗಿದ್ದ ಕಾರು ಮನೆಯ ಸಾಮಾನು; ನಮ್ಮ ಕಾನೂನಿಗೆ ಮೂವತ್ತು ವರ್ಷ ಜೊತೆಗಿದ್ದರೂ ಅದು ಸರಕು. ಬಳಸಿದ ಕಾರನ್ನು ಆಮದು ಮಾಡಬೇಕಾದರೆ ಅದು ತಯಾರಾಗಿ ಮೂರು ವರ್ಷ ದಾಟಿರಬಾರದು, ದೀಪ ಎಡಬದಿಯ ಓಡಾಟಕ್ಕೆ ಹೊಂದಬೇಕು, ಸ್ಟಿಯರಿಂಗ್ ಬಲಕ್ಕಿರಬೇಕು, ಬರಬೇಕಾದದ್ದು ಮುಂಬೈ ಬಂದರಿನ ಮೂಲಕವೇ. ಇವೆಲ್ಲ ಇದ್ದರೂ ಕಟ್ಟಬೇಕಾದ ಸುಂಕ ಕಾರಿನ ಬೆಲೆಯನ್ನೇ ಮೀರುತ್ತದೆ. 2002ರಲ್ಲಿ ಮೈಕೆಲ್ ಶುಮಾಕರ್ ಕೈಯಿಂದ ಸಚಿನ್ ತೆಂಡೂಲ್ಕರರಿಗೆ ಉಡುಗೊರೆಯಾಗಿ ಬಂದ ಫೆರಾರಿ ನೆನಪಿದೆಯೇ? ಅದಕ್ಕೂ ಸುಂಕದ ಮಾಫಿ ಕೊಡಲು ಹೋಗಿ ದೇಶದಲ್ಲೆಲ್ಲ ಗದ್ದಲವೆದ್ದು, ಕೊನೆಗೆ ಹೊಣೆಯನ್ನು ಫಿಯೆಟ್ ಕಂಪನಿ ಹೊತ್ತುಕೊಂಡಿತು. ನಮ್ಮ ಪೋಲೊ ಯಾವ ಗಿಡದ ತಪ್ಪಲು!

ಕರಾವಳಿಯವರಿಗೆ ಇದು ಹೊಸ ವಿಷಯವಲ್ಲ. ಮಂಗಳೂರು, ಉಡುಪಿ, ಭಟ್ಕಳದಿಂದ ದುಬೈಗೆ, ಕುವೈತಿಗೆ ಹೋಗಿ ದಶಕಗಳ ಕಾಲ ದುಡಿದವರು ಅಲ್ಲಿ ದೊಡ್ಡ ದೊಡ್ಡ ಕಾರು ಓಡಿಸಿದವರೇ. ಮರಳುವಾಗ ಟಿವಿ ಬಂದಿದೆ, ಫ್ರಿಜ್ಜು ಬಂದಿದೆ, ಕಂಬಳಿ ಬಂದಿದೆ, ಕಾರು ಬರಲಿಲ್ಲ. ಕೊಲ್ಲಿಯ ಕಾರುಗಳ ಸ್ಟಿಯರಿಂಗ್ ಎಡಕ್ಕೆ. ಸುಂಕದ ಮಾತು ಬರುವ ಮೊದಲೇ ಬಾಗಿಲು ಮುಚ್ಚಿತು. ಇನ್ನು ದೇಶದೊಳಗಾದರೂ ಸಲೀಸೇ? ಪುಣೆಯಿಂದ ಬೆಂಗಳೂರಿಗೆ ಬಂದು 12 ತಿಂಗಳು ದಾಟಿತೆಂದರೆ ಫಾರಂ 28, ಎನ್‌ಓಸಿ, ಹೊಸ ತೆರಿಗೆ, ಹೊಸ ನಂಬರು. 2021ರಲ್ಲಿ ಬಂದ ಬಿಎಚ್ ಸರಣಿ, ವರ್ಗಾವಣೆಯ ನೌಕರಿಯವರಿಗೆ ಆ ಅಲೆದಾಟ ತಪ್ಪಿಸಿತು. ಅದು ಇನ್ನೊಂದು ದಿನದ ಮಾತು.

ಕೊನೆಗೆ ಪೋಲೊ ಏನಾಯಿತು ಎಂದು ಹೇಳಿ ಮುಗಿಸುತ್ತೇನೆ. 2024ರಲ್ಲಿ ಊರಿಗೆ ಹೊರಟಾಗ ಮಾರಲು ಇಟ್ಟೆವು. ಸುಂಕದವರು ಹಾಕಿದ 12 ತಿಂಗಳ ಗಡಿ ಎಂದೋ ಕಳೆದಿತ್ತು. ಬಂದವರೆಲ್ಲ ಬಾಗಿಲು ತೆಗೆದು, ಸ್ಟಿಯರಿಂಗ್ ಇಲ್ಲದ ಕಡೆ ಕೂತು, ನಕ್ಕು, ಅರ್ಧ ಬೆಲೆ ಹೇಳಿ ಹೋಗುತ್ತಿದ್ದರು. ಆರನೆಯ ವಾರ ಊರಾಚೆಯ ಒಂದು ಹಳ್ಳಿಯಿಂದ ಒಬ್ಬ ಬಂದ. ಬೆಳಗಿನ ಜಾವ ಮನೆಮನೆಗೆ ಪತ್ರಿಕೆ ಹಾಕುವುದು ಅವನ ಕೆಲಸವಂತೆ. ಎಂಜಿನ್ ನೋಡಲಿಲ್ಲ, ಎಷ್ಟು ಓಡಿದೆ ಎಂದು ಕೇಳಲಿಲ್ಲ. ಬಲಗಡೆಯ ಸೀಟಿನಲ್ಲಿ ಕೂತು, ನಮ್ಮ ಬೀದಿಯ ಅಂಚಿಗೆ ಕಾರನ್ನು ನಿಧಾನವಾಗಿ ತಂದು, ಕಿಟಕಿ ಇಳಿಸಿ, ಬಲಗೈ ಹೊರಗೆ ಚಾಚಿದ. ಕೂತಲ್ಲಿಂದಲೇ ಬೆರಳು ನಮ್ಮ ಗೇಟಿನ ಅಂಚೆ ಡಬ್ಬಿಯ ಬಾಯಿಗೆ ಸರಿಯಾಗಿ ತಾಗಿತು. ಇನ್ನೊಮ್ಮೆ ಮುಂದೆ ಹೋಗಿ, ಪಕ್ಕದ ಮನೆಯ ಡಬ್ಬಿಗೂ ಕೈ ಹಾಕಿ ನೋಡಿದ. ಮತ್ತೆ ಹಿಂದೆ ಬಂದು, ಎಷ್ಟು ಎಂದು ಕೇಳಿದ.